ಒಂದೇ ಹೊಲಿಗೆಯ ವಿಸ್ತಾರ

ಕರ್ನಾಟಕದ ಸೂಜಿಕಲೆ ಎಂದಾಕ್ಷಣ ನೆನಪಾಗುವುದು ಧಾರವಾಡದ ಕಸೂತಿ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಪುರ, ತೇರು, ಆನೆಗಳು ಇಳಕಲ್ ಸೀರೆಯ ಮೇಲೆ ಮೂಡಿದವು. ಅದಕ್ಕೆ ಕಲೆಯೆಂಬ ಹೆಸರೂ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿವೆ. ಆದರೆ ಅಲ್ಲಿಂದ ಹೆಚ್ಚು ದೂರವಿಲ್ಲದ ಹಳಿಯಾಳ, ಮುಂಡಗೋಡ, ಯಲ್ಲಾಪುರಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಮಹಿಳೆಯರು ಒಂದೇ ಹೊಲಿಗೆಯಿಂದ ಮಾಡುವ ಕವಂದಿಯನ್ನು, ಅಂದರೆ ಅವರ ಕೌದಿಯನ್ನು, ನಾವು ತೇಪೆ ಹಾಕಿದ ಹೊದಿಕೆ ಎಂದಷ್ಟೇ ಕಂಡೆವು.

ಆ ಹೊಲಿಗೆ, ಸೂಜಿ ಹಿಡಿದವರು ಮೊದಲು ಕಲಿಯುವ, ದಾರವನ್ನು ಮೇಲೆ ಕೆಳಗೆ ಓಡಿಸುವ ಸಾದಾ ಹೊಲಿಗೆ. ಹಳೆಯ ಸೀರೆಯನ್ನು ಅಡಿಗೆ ಹಾಸಿ, ಸವೆದ ಬಟ್ಟೆಗಳ ತುಂಡುಗಳನ್ನಿಡುತ್ತಾ ಅಂಚಿನಿಂದ ಸುತ್ತುಸುತ್ತಾಗಿ ನಡುವಿನತ್ತ ಹೊಲಿಯುತ್ತಾರೆ. ತುಂಡುಗಳನ್ನು ಕೂಡಿಸುವುದು, ಪದರಗಳನ್ನು ಬಿಗಿಯುವುದು, ಮೇಲ್ಮೈಗೆ ಗೆರೆ ಎಳೆಯುವುದು, ಈ ಮೂರೂ ಆ ಒಂದು ಹೊಲಿಗೆಯ ಕೆಲಸ. ದೂರದಿಂದ ಬಣ್ಣ ಕಣ್ಣಿಗೆ ಬೀಳುತ್ತದೆ. ಹತ್ತಿರ ಹೋದರೆ ಕೆಂಪು, ಹಸಿರು, ಹೂವಿನ ಬಟ್ಟೆ ಎಂಬ ಭೇದವಿಲ್ಲದೆ ಹಾದುಹೋಗುವ ದಾರದ ಸಾಲುಗಳು ಕಾಣುತ್ತವೆ. ಬಣ್ಣಗಳ ಜಗಳವನ್ನು ಲಯಕ್ಕೆ ತರುವುದು ಆ ಸಾಲುಗಳೇ. ಕೈ ಬಾಗಿದಲ್ಲಿ ಸಾಲೂ ಬಾಗುತ್ತದೆ. ಅದು ಹೊಲಿದವಳ ಗುರುತು.

ಮೂಲೆಗಳಿಗೆ ಮಡಚಿದ ತ್ರಿಕೋನ ತುಂಡುಗಳ 'ಫುಲ' ಇಡುತ್ತಾರೆ. ಚಳಿ ತಡೆಯಲು ಅದು ಬೇಕಿಲ್ಲ. ಆದರೂ ಅದಿಲ್ಲದ ಕವಂದಿ ಅವರಿಗೆ ಪೂರ್ಣವಲ್ಲ. ಇದೆಲ್ಲ ಬಡತನದ ಉಪಾಯ ಮಾತ್ರ ಎನ್ನುವವರಿಗೆ ಈ ಫುಲವೇ ಉತ್ತರ. ಮುಸ್ಲಿಮ್ ಸಿದ್ದಿಗಳ ಕೆಲವು ಕವಂದಿಗಳಲ್ಲಿ ಅರ್ಧಚಂದ್ರ, ಕ್ರೈಸ್ತರ ಕೆಲವದರಲ್ಲಿ ಶಿಲುಬೆ ಕಾಣುತ್ತದೆ. ಹೊಲಿಗೆ ಮಾತ್ರ ಇಬ್ಬರದೂ ಒಂದೇ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಅಧ್ಯಯನದಿಂದಾಗಿ 2011ರಲ್ಲಿ ಕವಂದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಸಂತೋಷವೇ. ಆದರೆ ಗೋಡೆಗೇರಿದ ಕವಂದಿಯಲ್ಲಿ ಮಗು ಮಲಗುವುದಿಲ್ಲ. ಕೊಳ್ಳುವವರು ಹೊಸ ಬಟ್ಟೆ, ಅಳತೆಯ ತುಂಡು, ನೆಟ್ಟನೆ ಸಾಲು ಬೇಕೆಂದರೆ ಮನೆಮಂದಿ ಉಟ್ಟು ಸವೆದ ಬಟ್ಟೆಯ ನೆನಪೂ ಅಳಿಯುತ್ತದೆ. ಹಾಗೆಂದು ಮಾರಬೇಡಿ ಎನ್ನಲು ನಾವು ಯಾರು? ಗಳಿಕೆ ಅವರಿಗೂ ಬೇಕು. ಚಿಂದಿಯ ಬೆಲೆ ಕಟ್ಟದೆ, ಅದಕ್ಕೆ ಸುರಿದ ದಿನಗಳಿಗೆ ಬೆಲೆ ಕೊಡುವುದು ಕೊಳ್ಳುವವರ ಹೊಣೆ.

ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿ ಸೇರಲು 2003ರವರೆಗೆ ಕಾದರು. ನಾಡಿನ ಕಲಾವಿದರ ಪಟ್ಟಿ ಸೇರಲು ಅವರ ಮಹಿಳೆಯರನ್ನು ನಾವು ಇನ್ನೆಷ್ಟು ಕಾಯಿಸಬೇಕು?