ಕಾರಂತರ ‘ಬಾಲಪ್ರಪಂಚ’

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ನಿತ್ಯವಾದುದೆಂದು ಮೀಮಾಂಸಕರ ಮತ. ಶಾಸ್ತ್ರದಲ್ಲಿ ಹೇಗೇ ಇರಲಿ, ಏಳೆಂಟು ವರ್ಷದ ಬಾಲಕನಿಗೆ ಆ ಸಂಬಂಧವನ್ನು ಯಾರಾದರೂ ಕಾಣಿಸಿಕೊಡಬೇಕಾಗುವುದು. ಪಾಠಶಾಲೆಗಳಲ್ಲಿ ಅಮರಕೋಶದ ವಾರಿವರ್ಗವು ಮಕ್ಕಳಿಗೆ ಕಂಠಸ್ಥವಾಗುತ್ತಿದ್ದಿತು; ಸಮುದ್ರದ ಹೆಸರುಗಳೆಲ್ಲ ನಾಲಗೆಯ ಮೇಲೆ ನಿಂತರೂ ಭೀಮಾತೀರದ ಬಾಲಕನ ಮನಸ್ಸಿಗೆ ಸಮುದ್ರವು ಮಾತ್ರ ಬರುತ್ತಿರಲಿಲ್ಲ.

ಈ ಕೊರತೆಯನ್ನು ಮನಗಂಡು ಕನ್ನಡದಲ್ಲಿ ಅದನ್ನು ನೀಗಲು ಏಕಾಕಿಯಾಗಿ ದುಡಿದವರು ಕೋಟದ ಶಿವರಾಮ ಕಾರಂತರು (1902–1997). ಅವರ ‘ಬಾಲಪ್ರಪಂಚ’ವು ಮೂರು ಸಂಪುಟಗಳಲ್ಲಿ 1936ರಲ್ಲಿ ಹೊರಬಂದಿತು. ಇಂಗ್ಲಿಷಿನಲ್ಲಿ ಆರ್ಥರ್ ಮೀ ಎಂಬವರು 1908ರಿಂದ ಸಂಪಾದಿಸಿ ಹೊರತಂದ ಮಕ್ಕಳ ವಿಶ್ವಕೋಶಕ್ಕೆ ಅನೇಕ ಲೇಖಕರ ನೆರವಿದ್ದಿತು; ಕನ್ನಡದ ಕೃತಿಯ ಭಾರವನ್ನು ಹೊತ್ತ ಹೆಗಲು ಒಂದೇ. ಚಿತ್ರಕಲೆ, ಛಾಯಾಗ್ರಹಣ, ಮುದ್ರಣಗಳಲ್ಲಿ ಕಾರಂತರು ಸ್ವತಃ ಕೈಯಾಡಿಸಿದವರು. ಮುದ್ರಣದ ಪ್ರಯೋಗಗಳಲ್ಲಿ ಕೈಸುಟ್ಟುಕೊಂಡವರೂ ಅಹುದು. ಚಿತ್ರವು ಪುಟದ ಅಲಂಕಾರವಲ್ಲ, ವಾಕ್ಯದ ಅರ್ಧಾಂಗವೆಂಬ ತಿಳಿವು ಅವರಿಗೆ ಈ ಕೈಗೆಲಸದಿಂದಲೇ ಬಂದಿತೆನ್ನಬೇಕು.

ಮಕ್ಕಳ ವಾಙ್ಮಯವು ನಮ್ಮಲ್ಲಿ ಹೊಸತಲ್ಲ. ವಿಷ್ಣುಶರ್ಮನು ಮಂದಮತಿಗಳಾದ ರಾಜಕುಮಾರರಿಗೆ ಕಥೆಗಳಿಂದಲೇ ನೀತಿಯನ್ನು ಕಲಿಸಿದನೆಂಬುದು ಪ್ರಸಿದ್ಧ. ಆದರೆ ಪಂಚತಂತ್ರದ ಸಿಂಹವು ರಾಜನೀತಿಗೆ ವಾಹನ ಮಾತ್ರ. ಅದು ಏನನ್ನು ತಿನ್ನುವುದು, ಮರಿಗಳನ್ನು ಹೇಗೆ ಸಾಕುವುದು ಎಂಬ ಕುತೂಹಲಕ್ಕೆ ಅಲ್ಲಿ ಉತ್ತರವಿಲ್ಲ. ಕಾರಂತರು ಬಾಲಕನ ಈ ಕುತೂಹಲವನ್ನೇ ಗೌರವಿಸಿದರು. ಉಪದೇಶಕ್ಕೆ ಮೊದಲು ಲೋಕದರ್ಶನವಾಗಲಿ ಎಂಬುದು ಅವರ ಕ್ರಮ. ಇದೇ ಅವರ ಹಿರಿಮೆ.

ಆ ಗ್ರಂಥವು ಅಚ್ಚಾದಾಗ ಆಳಂದ, ಅಫಜಲಪುರ, ಜೇವರ್ಗಿಗಳು ನಿಜಾಮರ ಆಳ್ವಿಕೆಯಲ್ಲಿದ್ದುವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಲೋಕಜ್ಞಾನವು ತಾಯ್ನುಡಿಯಲ್ಲಿ ದೊರೆಯುವುದೇ ದುರ್ಲಭ. 1956ರ ಏಕೀಕರಣದ ತರುವಾಯ ಕನ್ನಡ ಶಾಲೆಗಳು ಬೆಳೆದುವು. ಹಾಗಿರಲು, ಅಷ್ಟು ಹಳೆಯ ಕೃತಿಯ ಪ್ರಯೋಜನವೇನೆಂದು ವಾಚಕರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. 1936ರಲ್ಲಿ ಗ್ರಹಗಳು ಒಂಬತ್ತೆಂದು ಜಗತ್ತು ಎಣಿಸುತ್ತಿದ್ದಿತು; 2006ರಲ್ಲಿ ಖಗೋಳಜ್ಞರು ಪ್ಲೂಟೋವನ್ನು ಕುಬ್ಜಗ್ರಹಗಳ ಸಾಲಿಗಿಳಿಸಿ ಎಂಟೆಂದರು. ಇಂತಹ ಗ್ರಂಥದ ಸಂಗತಿಗಳು ಹಳತಾಗದೆ ಇರಲಾರವು. ಕಾರಂತರೇ ಮುಂದೆ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ವನ್ನು ಬೇರೆಯಾಗಿ ಬರೆದರು. ಹಳತಾಗದೆ ಉಳಿಯುವುದು ಹೆಸರಿನೊಡನೆ ವಸ್ತುವನ್ನು ತೋರುವ ಕ್ರಮ.

ಆ ಕ್ರಮಕ್ಕೂ ಒಂದು ಎಲ್ಲೆಯುಂಟು. ಕಾರಂತರ ಕಣ್ಣು ತೆರೆದುದು ಕಡಲಂಚಿನಲ್ಲಿ. ಇತ್ತ ಎರೆಭೂಮಿಯ ಬಾಲಕನು ಅರಿತುದು ಜೋಳ ತೊಗರಿಗಳ ಹೊಲ. ಅವನಿಗೆ ಹಡಗಿನ ಚಿತ್ರವು ಬೇಕು. ತನ್ನೂರಿನ ಕೂರಿಗೆಯ ಚಿತ್ರವೂ ಬೇಕು. ಎರಡನೆಯದನ್ನು ದೂರದ ಗ್ರಂಥಕರ್ತನಿಂದ ನಿರೀಕ್ಷಿಸುವುದು ಉಚಿತವಲ್ಲ. ಇದಲ್ಲದೆ, ಚಿತ್ರವನ್ನು ತೋರಿ ಅದರ ಕೆಳಗಿನ ಹೆಸರನ್ನು ಮಾತ್ರ ಒಪ್ಪಿಸೆನ್ನುವ ಉಪಾಧ್ಯಾಯನ ಕೈಯಲ್ಲಿ ಬಾಲಪ್ರಪಂಚವೂ ಮತ್ತೊಂದು ವಾರಿವರ್ಗವಾಗಿ ಬಿಡುವುದು. ಪುಟವನ್ನು ಮುಚ್ಚಿಸಿ, ಮಕ್ಕಳನ್ನು ಹೊಲಕ್ಕೂ ಹೊಳೆಗೂ ಕರೆದೊಯ್ದು, ಕಂಡುದನ್ನು ಅವರಿಂದಲೇ ಬರೆಯಿಸಿ ಬಿಡಿಸುವ ಉಪಾಧ್ಯಾಯನು ಕಾರಂತರ ಕೆಲಸವನ್ನು ಮುಂದುವರಿಸಿದಂತೆಯೇ ಸರಿ.