ಮರುಭೂಮಿಯ ಮೋಜು, ಯಲ್ದೂರಿನ ಪ್ರಶ್ನೆ

ಮಾವಿನ ಸುಗ್ಗಿ ಮುಗಿದು ಕೈಯಲ್ಲಿ ಒಂದಿಷ್ಟು ಕಾಸು ಆಡುವ ದಿನಗಳಲ್ಲಿ ಯಲ್ದೂರಿನ ಚಹಾ ಅಂಗಡಿಯ ಮಾತು ಕೂಡ ಸ್ವಲ್ಪ ದೂರ ಹೋಗುತ್ತದೆ. ಈ ಸಲ ಅದು ಜೋರ್ಡಾನ್ ದೇಶದವರೆಗೆ ಹೋಯಿತು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮೂರಿನ ಹುಡುಗನೊಬ್ಬ ರಜೆಗೆಂದು ಬಂದವನು ಪ್ರವಾಸ ಸಂಸ್ಥೆಯೊಂದರ ಬಣ್ಣದ ಪುಸ್ತಿಕೆಯನ್ನು ಮೇಜಿನ ಮೇಲೆ ಹರಡಿದ. ಎಂಟು ದಿನ, ಇಪ್ಪತ್ತು ಮಂದಿಯ ತಂಡ. ವಾದಿ ರಮ್ ಮರುಭೂಮಿಯಲ್ಲಿ ಜೀಪಿನ ಓಟ, ಡೇರೆಯಲ್ಲಿ ರಾತ್ರಿ, ಒಂಟೆಯ ಸವಾರಿ, ಆಮೇಲೆ ಪೆಟ್ರಾ ಮತ್ತು ಜೆರಾಶ್ ಎಂಬ ಪುರಾತನ ನಗರಗಳ ಅವಶೇಷಗಳು. ಎಲ್ಲರೂ ಚಿತ್ರ ನೋಡಿ ಬೆರಗಾದರು.

ನಮ್ಮೂರ ಕೆರೆಯ ತೂಬು ನೋಡಿಕೊಳ್ಳುತ್ತಿದ್ದ ಮನೆತನದ ಹಿರಿಯರೊಬ್ಬರು ಅಲ್ಲೇ ಕುಳಿತಿದ್ದರು. ಬಂಡೆಯಲ್ಲಿ ಕೊರೆದ ಆ ಭಾರೀ ಕಟ್ಟಡದ ಚಿತ್ರವನ್ನು ಹತ್ತಿರ ಹಿಡಿದು ನೋಡಿ, "ಎಲ್ಲಾ ಸರಿಯಪ್ಪಾ, ಇಷ್ಟು ದೊಡ್ಡ ಊರು ಕಟ್ಟಿದ್ದಾರಲ್ಲ, ನೀರಿಗೇನು ಮಾಡ್ತಿದ್ರು?" ಎಂದು ಕೇಳಿದರು.

ಹುಡುಗ ಪುಟ ತಿರುವಿ ಹಾಕಿದ. "ಅದು ಇದರಲ್ಲಿ ಬರೆದಿಲ್ಲ ತಾತ" ಎಂದ.

ಆ ಪುಸ್ತಿಕೆಯನ್ನು ನಾವು ಕೇಳಿ ಪಡೆದು ಮನೆಗೆ ಒಯ್ದೆವು. ಒಂದು ಕಥೆಯನ್ನೋ ಕಾದಂಬರಿಯನ್ನೋ ಓದುವಷ್ಟೇ ಗಮನವಿಟ್ಟು ಓದಿದೆವು. ಏಕೆಂದರೆ ಇಂದು ನಮ್ಮ ಯುವಕರಿಗೆ ಅರಬ್ ನಾಡಿನ ಚರಿತ್ರೆಯನ್ನು ಪರಿಚಯಿಸುತ್ತಿರುವುದು ಇತಿಹಾಸದ ಗ್ರಂಥಗಳಿಗಿಂತ ಹೆಚ್ಚಾಗಿ ಇಂತಹ ಪುಸ್ತಿಕೆಗಳು. ಪುಸ್ತಕವನ್ನು ವಿಮರ್ಶಿಸುವ ನಾವು ಇವನ್ನು ಏಕೆ ವಿಮರ್ಶಿಸಬಾರದು?

ಮೊದಲು ಎದುರಾಗುವುದು 'ರೋಮನ್' ಎಂಬ ಪದ. ಪುಸ್ತಿಕೆಯ ಪ್ರಕಾರ ಇಡೀ ಪ್ರವಾಸವೇ ರೋಮನ್ ಅವಶೇಷಗಳ ದರ್ಶನ. ಆದರೆ ಪೆಟ್ರಾವನ್ನು ಕಟ್ಟಿದವರು ರೋಮನರಲ್ಲ, ನಬಾತಿಯರು. ಅವರು ಸಾಂಬ್ರಾಣಿ, ಮಸಾಲೆಗಳ ವ್ಯಾಪಾರದಿಂದ ಶ್ರೀಮಂತರಾದ ಅರಬ್ ಜನ. ರೋಮ್ ಚಕ್ರವರ್ತಿ ಟ್ರಾಜನ್ ಅವರ ರಾಜ್ಯವನ್ನು ವಶಪಡಿಸಿಕೊಂಡದ್ದು ಕ್ರಿ.ಶ. 106ರಲ್ಲಿ. ಬಂಡೆಯಲ್ಲಿ ಕೊರೆದ ಪ್ರಸಿದ್ಧ ಮುಖಮಂಟಪಗಳಲ್ಲಿ ಬಹುಪಾಲು ಅದಕ್ಕೂ ಮೊದಲಿನವು. ಚಿತ್ರಗಳಲ್ಲಿ ಎಲ್ಲರೂ ನೋಡಿರುವ ಆ ಕಟ್ಟಡವನ್ನು ಸ್ಥಳೀಯರು 'ಖಜಾನೆ' ಎಂದೇ ಕರೆಯುತ್ತಾರೆ. ನಮ್ಮ ತಾಲೂಕು ಕಚೇರಿಯ ಖಜಾನೆಯ ಪದವೇ ಅದು. ಒಳಗೆ ಇದ್ದದ್ದು ಮಾತ್ರ ನಿಧಿಯಲ್ಲ, ಸಮಾಧಿ.

ಜೆರಾಶ್ ನಿಜಕ್ಕೂ ರೋಮನ್ ಕಾಲದಲ್ಲಿ ಮೆರೆದ ನಗರ. ಅಲ್ಲಿನ ಕಮಾನನ್ನು ಕ್ರಿ.ಶ. 129-130ರಲ್ಲಿ ಚಕ್ರವರ್ತಿ ಹೇಡ್ರಿಯನ್ ಬಂದಾಗ ಅವನ ಗೌರವಾರ್ಥ ಕಟ್ಟಲಾಯಿತು. ಅಂಡಾಕಾರದ ಚೌಕ, ಸಾಲುಕಂಬಗಳ ಬೀದಿ, ರಂಗಮಂದಿರ ಎಲ್ಲವೂ ನೋಡತಕ್ಕವೇ. ಆದರೆ ನಗರ ಅಲ್ಲಿಗೇ ನಿಲ್ಲಲಿಲ್ಲ. ರೋಮನ್ ದೇವಾಲಯಗಳ ನಂತರ ಹತ್ತಾರು ಚರ್ಚುಗಳು ಎದ್ದವು. ಆ ಬಳಿಕ ಊರಿನ ನಡುವೆಯೇ ಉಮಯ್ಯದ್ ಕಾಲದ ಜುಮಾ ಮಸೀದಿ ಎದ್ದಿತು. 2002ರಿಂದ ಡೆನ್ಮಾರ್ಕ್ ಮತ್ತು ಜೋರ್ಡಾನ್‌ನ ಪುರಾತತ್ವಜ್ಞರು ಸೇರಿ ಆ ಮಸೀದಿಯ ಅಡಿಪಾಯವನ್ನು ಅಗೆದು ತೆಗೆದರು. ಅದು ಹಳೆಯ ಸ್ನಾನಗೃಹವೊಂದರ ಜಾಗದ ಮೇಲೆ ನಿಂತಿತ್ತು. 749ರ ಭೂಕಂಪದಲ್ಲಿ ನಗರ ಬಹುಮಟ್ಟಿಗೆ ಕುಸಿಯಿತು. 1878ರಲ್ಲಿ ರಷ್ಯನ್ ಸಾಮ್ರಾಜ್ಯದಿಂದ ನಿರಾಶ್ರಿತರಾಗಿ ಬಂದ ಸರ್ಕೇಶಿಯನ್ ಮುಸ್ಲಿಮರು ಈ ಅವಶೇಷಗಳ ಪಕ್ಕದಲ್ಲೇ ಮತ್ತೆ ಊರು ಕಟ್ಟಿಕೊಂಡರು.

ಪುಸ್ತಿಕೆಯಲ್ಲಿ ಇದೊಂದೂ ಇಲ್ಲ. ಮಸೀದಿಯ ಸಂಗತಿ ಬಿಟ್ಟುಹೋಯಿತೆಂದು ಮಾತ್ರ ನಾವು ದೂರುತ್ತಿಲ್ಲ. ಚರ್ಚುಗಳ ಸಂಗತಿಯೂ ಬಿಟ್ಟುಹೋಗಿದೆ, ನಬಾತಿಯರೂ ಬಿಟ್ಟುಹೋಗಿದ್ದಾರೆ. ಒಂದೇ ಊರಿನಲ್ಲಿ ಹಲವು ಜನ, ಹಲವು ನಂಬಿಕೆ ಒಂದರ ಮೇಲೊಂದು ಬದುಕಿದ್ದನ್ನು ಅಳಿಸಿ ಒಂದೇ ಹೆಸರಿನ ಫಲಕ ತೂಗುಹಾಕುವುದು ಚರಿತ್ರೆಗೆ ಮಾಡುವ ಅನ್ಯಾಯ. ಹೀಗೆ ಫಲಕ ಬದಲಿಸುವ ಚಟ ನಮ್ಮ ದೇಶದಲ್ಲೂ ಎಷ್ಟು ಹಾನಿ ಮಾಡಿದೆಯೆಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಹಿರಿಯರು ಕೇಳಿದ ನೀರಿನ ಪ್ರಶ್ನೆಗೆ ಬರೋಣ. ಪೆಟ್ರಾದ ನಿಜವಾದ ಅದ್ಭುತ ಆ ಮುಖಮಂಟಪಗಳಲ್ಲ, ನೀರು. ವರ್ಷಕ್ಕೆ ಕೆಲವೇ ದಿನ ಮಳೆ ಬೀಳುವ ನಾಡಿನಲ್ಲಿ ಸಾವಿರಾರು ಜನರಿಗೆ, ಒಂಟೆಗಳ ಸಾಲಿಗೆ, ತೋಟಗಳಿಗೆ ನಬಾತಿಯರು ನೀರು ಒದಗಿಸಿದರು. ನಗರಕ್ಕೆ ಹೋಗುವ ದಾರಿ 'ಸಿಕ್' ಎಂಬ ಕಿರಿದಾದ ಕಣಿವೆ. ಅದರ ಬಂಡೆಗೋಡೆಯ ಉದ್ದಕ್ಕೂ ಅವರು ಕಾಲುವೆ ಕೊರೆದರು, ಮಣ್ಣಿನ ಕೊಳವೆ ಕೂರಿಸಿದರು. ಬೆಟ್ಟದ ಮೇಲೆ ಬಿದ್ದ ಮಳೆ ವ್ಯರ್ಥವಾಗದಂತೆ ಬಂಡೆಯಲ್ಲೇ ತೊಟ್ಟಿಗಳನ್ನು ಕಡಿದರು. ಹಠಾತ್ ಪ್ರವಾಹ ಕಣಿವೆಗೆ ನುಗ್ಗದಂತೆ ಬಾಯಲ್ಲೇ ಕಟ್ಟೆ ಕಟ್ಟಿ ನೀರನ್ನು ಸುರಂಗದ ಮೂಲಕ ಬೇರೆ ಕಡೆ ತಿರುಗಿಸಿದರು. ಶತಮಾನಗಳು ಕಳೆದು ಆ ಕಟ್ಟೆ ಹಾಳಾಯಿತು. 1963ರ ಏಪ್ರಿಲ್‌ನಲ್ಲಿ ಸಿಕ್‌ಗೆ ನುಗ್ಗಿದ ಪ್ರವಾಹದಲ್ಲಿ 20ಕ್ಕೂ ಹೆಚ್ಚು ಫ್ರೆಂಚ್ ಯಾತ್ರಿಕರು ಸತ್ತರು. ಅದಾದ ಮೇಲೆ ಇಂದಿನ ಎಂಜಿನಿಯರುಗಳು ನಬಾತಿಯರ ಕಟ್ಟೆಯಿದ್ದ ಜಾಗದಲ್ಲೇ ಹೊಸ ಕಟ್ಟೆ ಕಟ್ಟಿದರು. ಎರಡು ಸಾವಿರ ವರ್ಷದ ಹಿಂದಿನ ಲೆಕ್ಕಾಚಾರಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೆ?

ಈ ವಿಷಯ ಯಲ್ದೂರಿನವರಿಗೆ ಅರ್ಥವಾಗುವಷ್ಟು ಸುಲಭವಾಗಿ ಬೇರೆಯವರಿಗೆ ಅರ್ಥವಾಗದು. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ನಮ್ಮ ಹಿಂದಿನವರು ಸಾವಿರಾರು ಕೆರೆ ಕಟ್ಟಿ ಬದುಕಿದರು. ಮೇಲಿನ ಕೆರೆ ಕೋಡಿ ಹರಿದರೆ ಕೆಳಗಿನ ಕೆರೆ ತುಂಬುತ್ತಿತ್ತು. ಯಾರ ಗದ್ದೆಗೆ ಯಾವಾಗ ನೀರು ಎಂಬುದನ್ನು ನೀರಗಂಟಿ ನೋಡಿಕೊಳ್ಳುತ್ತಿದ್ದ. ಆಮೇಲೆ ಕೊಳವೆಬಾವಿ ಬಂತು, ಕೆರೆಯಲ್ಲಿ ಹೂಳು ತುಂಬಿತು, ರಾಜಕಾಲುವೆ ಒತ್ತುವರಿಯಾಯಿತು. ಸಾವಿರ ಅಡಿ ದಾಟಿ ಕೊರೆದರೂ ಧೂಳು ಹಾರಿದ್ದನ್ನು ನಾವು ಕಂಡೆವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಯಿತು. ಮೂರನೆಯ ಹಂತದ ಸಂಸ್ಕರಣೆಯೂ ಆಗಬೇಕೆಂದು ಜನ ಕೂಗಿದರು. ಬರವನ್ನು ಬದುಕಿ ಬಲ್ಲ ನಮಗೆ ಮರುಭೂಮಿ ಬರೀ ಮೋಜಿನ ಮೈದಾನವಾಗಿ ಕಾಣಬೇಕೆಂದು ಪುಸ್ತಿಕೆ ಬಯಸುತ್ತದೆ. ನಮ್ಮ ಮುಖ್ಯ ಆಕ್ಷೇಪ ಇದೇ.

ಪುಸ್ತಿಕೆಯ ಇನ್ನೊಂದು ಮಾತು 'ನಿರ್ಜನ ಮರುಭೂಮಿ'. ವಾದಿ ರಮ್ 2011ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ಬಂಡೆಗಳ ಮೇಲೆ ಸುಮಾರು 25,000 ಚಿತ್ರಗಳೂ 20,000 ಬರಹಗಳೂ ಇವೆ. ಇಷ್ಟು ಬರೆದ ಜನ ಇದ್ದ ಜಾಗ ನಿರ್ಜನ ಹೇಗಾಗುತ್ತದೆ? ಇಂದಿಗೂ ಅಲ್ಲಿ ಬೆದೂಯಿನ್ ಬುಡಕಟ್ಟುಗಳಿವೆ. ಜೀಪು ಓಡಿಸುವವರು, ಡೇರೆ ಹಾಕಿ ಚಹಾ ಕೊಡುವವರು ಅವರೇ. ಪೆಟ್ರಾದ ಗುಹೆಗಳಲ್ಲಿ ವಾಸವಿದ್ದ ಬೆದೂಲ್ ಬುಡಕಟ್ಟಿನವರನ್ನು 1985ರಲ್ಲಿ ಉಮ್ಮ್ ಸೈಹೂನ್ ಎಂಬ ಹೊಸ ಹಳ್ಳಿಗೆ ಸಾಗಿಸಲಾಯಿತು. ಪೆಟ್ರಾ ವಿಶ್ವ ಪರಂಪರೆಯ ತಾಣವಾದದ್ದೂ ಅದೇ ವರ್ಷ. ಜಗತ್ತಿನ ಪರಂಪರೆಯಾಗುವ ಹೊತ್ತಿಗೆ ಅದು ಅವರ ಮನೆಯಾಗಿ ಉಳಿಯಲಿಲ್ಲ.

ಜೆರಾಶ್‌ನ ಕಂಬಗಳಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿ ಇನ್ನೊಂದು ನೆಲೆಯಿದೆ. 1967ರ ಯುದ್ಧದಲ್ಲಿ ಗಾಝಾದಿಂದ ಓಡಿಬಂದ 11,500 ಫೆಲೆಸ್ತೀನಿ ನಿರಾಶ್ರಿತರಿಗಾಗಿ 1968ರಲ್ಲಿ ತೆರೆದ ಶಿಬಿರ ಅದು. ಜನ ಅದನ್ನು 'ಗಾಝಾ ಶಿಬಿರ' ಎಂದೇ ಕರೆಯುತ್ತಾರೆ. ಅಲ್ಲಿನ ಹೆಚ್ಚಿನವರಿಗೆ ಇಂದಿಗೂ ಜೋರ್ಡಾನ್‌ನ ಪೌರತ್ವವಿಲ್ಲ. ಎರಡು ಸಾವಿರ ವರ್ಷದ ಹಳೆಯ ಕಲ್ಲುಗಳ ಮುಂದೆ ಎರಡು ಗಂಟೆ ನಿಲ್ಲುವ ತಂಡಕ್ಕೆ ಈ ಐದು ಕಿಲೋಮೀಟರ್ ದೂರದ ಜೀವಂತ ಜನರ ಸುದ್ದಿಯನ್ನು ಒಂದು ಸಾಲಿನಲ್ಲಾದರೂ ಹೇಳಬಾರದಿತ್ತೆ?

ಇಂತಹ ನೋಟ ಹೇಗೆ ನೋಯಿಸುತ್ತದೆಂದು ತಿಳಿಯಲು ನಾವು ಜೋರ್ಡಾನ್‌ಗೆ ಹೋಗಬೇಕಿಲ್ಲ. ಕೋಲಾರದ ಅಂತರಗಂಗೆ ಬೆಟ್ಟಕ್ಕೆ ಬೆಂಗಳೂರಿನಿಂದ ಚಾರಣದ ತಂಡಗಳು ಬರುತ್ತವೆ. ರಾತ್ರಿ ದೀಪ ಹಿಡಿದು ಹತ್ತುತ್ತಾರೆ, ಬಂಡೆಗಳ ನಡುವಿನ ಗವಿಗಳಲ್ಲಿ ತೆವಳುತ್ತಾರೆ, ಸೂರ್ಯೋದಯದ ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ಅವರ ಪಾಲಿಗೆ ಅದು ಸಾಹಸದ ಕಾಡು. ಆದರೆ ಅದೇ ಬೆಟ್ಟದ ಮೇಲೆ ತೇರಹಳ್ಳಿಯಂತಹ ಹಳ್ಳಿಗಳಿವೆ. ಅಲ್ಲಿ ಮಕ್ಕಳು ಶಾಲೆಗೆ ಹೋಗಬೇಕು, ದನಗಳಿಗೆ ಮೇವು ಬೇಕು. ಕಾಶಿ ವಿಶ್ವನಾಥನ ಗುಡಿಯ ಬಳಿ ಬಸವನ ಬಾಯಿಯಿಂದ ಬತ್ತದೆ ಸುರಿಯುವ ನೀರು ಬರಗಾಲದ ಈ ಜಿಲ್ಲೆಗೆ ಏನೆಂಬುದು ಒಂದು ರಾತ್ರಿಯ ಅತಿಥಿಗೆ ಹೊಳೆಯುವುದಿಲ್ಲ. ನಮ್ಮ ಬೆಟ್ಟವನ್ನು ಹಾಗೆ ನೋಡಿದಾಗ ನಮಗೆ ಏನನ್ನಿಸುತ್ತದೋ, ವಾದಿ ರಮ್‌ನ ಬೆದೂಯಿನನಿಗೂ ಅದೇ ಅನ್ನಿಸಬಹುದಲ್ಲವೇ?

ಭೂಮಿಯಲ್ಲಿ ಸಂಚರಿಸಿ, ಹಿಂದಿನವರ ಗತಿ ಏನಾಯಿತೆಂದು ಕಣ್ಣಾರೆ ಕಾಣಿರಿ ಎಂಬ ಪ್ರೇರಣೆ ಕುರ್‌ಆನ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಆದ್ದರಿಂದ ಪ್ರವಾಸವನ್ನು ನಾವು ವಿರೋಧಿಸಲಾರೆವು. ಆದರೆ ಕಾಣುವುದು ಹೇಗೆ? ಪೆಟ್ರಾದಂತೆಯೇ ನಬಾತಿಯರ ನೂರಕ್ಕೂ ಹೆಚ್ಚು ಬಂಡೆ ಸಮಾಧಿಗಳಿರುವ ಹಿಜ್ರ್ ಎಂಬ ನೆಲೆ ಸೌದಿ ಅರೇಬಿಯಾದಲ್ಲಿದೆ. 2019ರಲ್ಲಿ ಅಲ್ಲಿನ ಸರಕಾರ ಪ್ರವಾಸಿ ವೀಸಾ ಆರಂಭಿಸಿದ ಮೇಲೆ ಅಲ್ಲಿಗೂ ತಂಡಗಳು ಹೋಗುತ್ತಿವೆ. ಮುಸ್ಲಿಮ್ ಪರಂಪರೆ ಅದನ್ನು ಪ್ರವಾದಿ ಸ್ವಾಲಿಹ್‌ರ ಸಮೂದ್ ಜನಾಂಗದ ನೆಲೆಯೆಂದು ಗುರುತಿಸುತ್ತದೆ. ಆ ವೃತ್ತಾಂತದ ಕೇಂದ್ರದಲ್ಲಿರುವುದೂ ನೀರೇ. ಒಂದು ದಿನ ಒಂಟೆಗೆ, ಒಂದು ದಿನ ಜನರಿಗೆ ಎಂಬ ಪಾಳಿ ಗೊತ್ತಾಗಿತ್ತು. ಆ ಪಾಳಿಯನ್ನು ಸಹಿಸದೆ ಅವರು ಒಂಟೆಯನ್ನು ಕೊಂದರು, ನಾಶವಾದರು. ತಬೂಕ್‌ಗೆ ಹೋಗುವಾಗ ಆ ದಾರಿಯಲ್ಲಿ ಹಾದ ಪ್ರವಾದಿ ಮುಹಮ್ಮದ್(ಸ)ರು ಕಣ್ಣೀರಿಲ್ಲದೆ ಅಲ್ಲಿಗೆ ಪ್ರವೇಶಿಸಬೇಡಿರೆಂದು ಸಂಗಾತಿಗಳಿಗೆ ತಿಳಿಹೇಳಿದರೆಂದು ಹದೀಸ್‌ಗಳಲ್ಲಿದೆ. ಅಳುತ್ತಲೇ ಪ್ರವಾಸ ಮಾಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಆದರೆ ಪಾಳು ಊರಿನ ಮುಂದೆ ನಿಂತಾಗ ನಮ್ಮ ಊರಿನ ಪಾಳಿ ನೆನಪಾಗದಿದ್ದರೆ ಅಷ್ಟು ದೂರ ಹೋದದ್ದು ಏಕೆ?

ಗುಂಪು ಪ್ರವಾಸದ ಒಳ್ಳೆಯ ಮುಖವನ್ನೂ ಹೇಳಬೇಕು. ಒಬ್ಬರೇ ಹೋಗಲಾರದ ಮಹಿಳೆಯರಿಗೆ, ಭಾಷೆ ಬಾರದವರಿಗೆ, ಅಲ್ಪ ಉಳಿತಾಯದ ಕುಟುಂಬಗಳಿಗೆ ತಂಡ ಒಂದು ಆಸರೆ. ಪ್ರವಾಸಿಗರನ್ನೇ ನಂಬಿದ ಬಡವರೂ ಅಲ್ಲಿದ್ದಾರೆ. 2019ರಲ್ಲಿ ಪೆಟ್ರಾಕ್ಕೆ ಬಂದವರ ಸಂಖ್ಯೆ ಮೊದಲ ಬಾರಿಗೆ ಹತ್ತು ಲಕ್ಷ ದಾಟಿತ್ತು. 2023ರ ಅಕ್ಟೋಬರ್‌ನಲ್ಲಿ ಗಾಝಾದ ಯುದ್ಧ ಆರಂಭವಾದ ಮೇಲೆ ಅದು ತೀವ್ರವಾಗಿ ಕುಸಿಯಿತು, ಕುದುರೆ, ಕತ್ತೆ ಓಡಿಸಿ ಬದುಕುವವರ ಹೊಟ್ಟೆಗೆ ಪೆಟ್ಟು ಬಿತ್ತು. ಹಾಗಾಗಿ ಹೋಗಬೇಡಿ ಎನ್ನುವುದು ಉತ್ತರವಲ್ಲ.

'ಅಮೆರಿಕಾದಲ್ಲಿ ಗೊರೂರು' ಬರೆದ ಗೊರೂರು ರಾಮಸ್ವಾಮಿ ಅಯ್ಯಂಗಾರರಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರು ಅಮೆರಿಕವನ್ನು ನೋಡುವಾಗಲೂ ತಮ್ಮ ಹಳ್ಳಿಯ ಕಣ್ಣನ್ನು ಮನೆಯಲ್ಲಿ ಬಿಟ್ಟುಹೋಗಲಿಲ್ಲ. ಹೆಸರಿನಲ್ಲೇ ಊರಿದೆ. ನಮ್ಮ ಹುಡುಗರೂ ಜೋರ್ಡಾನ್‌ಗೆ ಹೋಗುವಾಗ ಯಲ್ದೂರನ್ನು ಜೊತೆಗೆ ಒಯ್ಯಲಿ ಎಂಬುದಷ್ಟೇ ನಮ್ಮ ಕೋರಿಕೆ. ದುಡ್ಡು ಕಟ್ಟುವ ಮೊದಲು ಸಂಸ್ಥೆಯವರನ್ನು ಕೇಳಲಿ: ನೀವು ಪೆಟ್ರಾದ ಕಾಲುವೆ ತೋರಿಸುತ್ತೀರಾ? ಜೆರಾಶ್‌ನ ಮಸೀದಿ, ಚರ್ಚುಗಳ ಬಳಿ ನಿಲ್ಲಿಸುತ್ತೀರಾ? ದಾರಿ ತೋರಿಸುವವರು ಆ ನೆಲದ ಜನವೇ, ಅವರಿಗೆ ಸಲ್ಲಬೇಕಾದ ಕೂಲಿ ಸಲ್ಲುತ್ತದೆಯೇ?

ಹುಡುಗ ಹೊರಡುವುದು ಖಚಿತವಾಗಿದೆ. ಮೊನ್ನೆ ಪುಸ್ತಿಕೆಯನ್ನು ಹಿಂದಿರುಗಿಸಲು ಹೋದಾಗ ಅದೇ ಹಿರಿಯರು ಅವನಿಗೆ ಹೇಳುತ್ತಿದ್ದರು: "ಹೋಗಿ ಬಾಪ್ಪಾ, ದೇವರು ಒಳ್ಳೇದು ಮಾಡ್ಲಿ. ಆ ಕಟ್ಟೇದು, ತೂಬಿಂದು ಒಂದೊಂದು ಫೋಟೋ ತೆಗೆದುಕೊಂಡು ಬಾ. ಕೋಡಿ ಎಲ್ಲಿ ಬಿಟ್ಟಿದ್ದಾರೆ ಅಂತ ನೋಡ್ಬೇಕು."