ಬಾಲಾಲಯವಿಲ್ಲದ ಜೀರ್ಣೋದ್ಧಾರ

ಗುಡಿಯ ಜೀರ್ಣೋದ್ಧಾರಕ್ಕೆ ಕೈಹಾಕುವ ಮೊದಲು ನಮ್ಮಲ್ಲಿ ಬಾಲಾಲಯ ಕಟ್ಟುತ್ತಾರೆ. ಗರ್ಭಗುಡಿಯ ಕಲ್ಲು ಬಿಚ್ಚಿ ಮತ್ತೆ ಕೂರಿಸುವ ತನಕ ದೇವರಿಗೆ ಆ ಪುಟ್ಟ ಗೂಡೇ ಮನೆ, ನಿತ್ಯಪೂಜೆ ತಪ್ಪುವುದಿಲ್ಲ. 2021ರಲ್ಲಿ ತನ್ನ ಪೋರ್ಟಲನ್ನು ಹೊಸದಾಗಿ ಕಟ್ಟಿಸಿದ ಆದಾಯ ತೆರಿಗೆ ಇಲಾಖೆ ಮರೆತದ್ದು ಇದನ್ನೇ.

ಜೂನ್ 1ರಿಂದ 6ರವರೆಗೆ ಹಳೆಯದಕ್ಕೆ ಬೀಗ, 7ಕ್ಕೆ ಹೊಸದರ ಉದ್ಘಾಟನೆ. ಆ ಆರು ದಿನಗಳ ಬೀಗವನ್ನು ನಾನು ದೂರುವುದಿಲ್ಲ. ಕೋಟ್ಯಂತರ ಜನರ ರಿಟರ್ನ್, ನೋಟಿಸು, ರೀಫಂಡಿನ ಲೆಕ್ಕವೆಲ್ಲ ಒಂದು ಕಡತದಿಂದ ಇನ್ನೊಂದಕ್ಕೆ ಸಾಗುವಾಗ ಬರೆಯುವ ಕೈ ನಿಲ್ಲಲೇಬೇಕು, ಇಲ್ಲವಾದರೆ ಎರಡೂ ತಾಳೆಯಾಗುವುದಿಲ್ಲ. ನನ್ನ ತಕರಾರು 7ನೇ ತಾರೀಖಿನದು. ಹಿಂದಿನ ಬಾಗಿಲಿಗೆ ಗೋಡೆ ಎಬ್ಬಿಸಿ ಇಡೀ ದೇಶವನ್ನು ಒಂದೇ ದಿನ ಒಳಗೆ ಬಿಟ್ಟರು. ಲಾಗಿನ್ ತೆವಳಿತು, ಒಟಿಪಿ ಬರಲಿಲ್ಲ, ಹಿಂದೆ ಸಲ್ಲಿಸಿದ ರಿಟರ್ನ್‌ಗಳು ಕಾಣಲಿಲ್ಲ. ವಿದೇಶಕ್ಕೆ ಹಣ ಕಳಿಸಲು ಬೇಕಿದ್ದ 15ಸಿಎ, 15ಸಿಬಿ ನಮೂನೆಗಳನ್ನು ಕಾಗದದಲ್ಲೇ ಬ್ಯಾಂಕಿಗೆ ಕೊಡಬಹುದೆಂದು ಇಲಾಖೆಯೇ ಹೇಳಬೇಕಾಯಿತು. ಕಡೆಗೂ ಸಿಕ್ಕ ಬಾಲಾಲಯ ಕಾಗದದ್ದು!

ಕಟ್ಟಿದ್ದು ಬೆಂಗಳೂರಿನ ಇನ್ಫೋಸಿಸ್. ಆಗಸ್ಟ್ 21ರಿಂದ ಎರಡು ದಿನ ಪೋರ್ಟಲ್ ತೆರೆಯಲೇ ಇಲ್ಲ. 23ಕ್ಕೆ ಕಂಪನಿಯ ಮುಖ್ಯಸ್ಥ ಸಲೀಲ್ ಪಾರೇಖ್ ಅವರನ್ನು ಹಣಕಾಸು ಸಚಿವೆ ಕರೆಸಿಕೊಂಡು ಸೆಪ್ಟೆಂಬರ್ 15ರ ಗಡುವು ವಿಧಿಸಿದರು. ಕಟ್ಟಿದವರನ್ನು ಬೈಯುವುದು ಸುಲಭ. ಕಟ್ಟಿಸಿದವರು ತಾರೀಖಿಗಾಗಿ ತೋರಿದ ಅವಸರಕ್ಕೆ ಯಾರೂ ಗಡುವು ವಿಧಿಸಲಿಲ್ಲ.

ಬ್ರಿಟನ್ ಸರ್ಕಾರ ತನ್ನ ಗವ್.ಯುಕೆ ತಾಣದ ಕಚ್ಚಾ ಮಾದರಿಯನ್ನು 2011ರ ಮೇ ತಿಂಗಳಲ್ಲೇ ಜನರ ಮುಂದಿಟ್ಟಿತು, ಮರುವರ್ಷ ಬೀಟಾ. ಅಷ್ಟು ಕಾಲವೂ ಹಳೆಯ ಡೈರೆಕ್ಟ್‌ಗವ್ ತನ್ನ ಪಾಡಿಗೆ ನಡೆಯುತ್ತಿತ್ತು. 2012ರ ಅಕ್ಟೋಬರ್ 17ರಂದು ಅದನ್ನು ಮುಚ್ಚಿದಾಗ, ಹಳೆಯ ವಿಳಾಸ ಒತ್ತಿದವರು ಹೊಸ ಪುಟಕ್ಕೇ ತಲುಪುವಂತೆ ದಾರಿ ತಿರುಗಿಸಿಟ್ಟಿದ್ದರು. ಸಚಿವಾಲಯಗಳ ತಾಣಗಳು ಸರದಿಯ ಮೇಲೆ ಆಮೇಲೆ ಬಂದವು. ಹೋಲಿಕೆ ಪೂರ್ತಿ ನ್ಯಾಯವಲ್ಲ, ಒಪ್ಪುತ್ತೇನೆ: ಅದು ಬಹುಪಾಲು ಓದುವ ಪುಟಗಳ ತಾಣ, ನಮ್ಮದು ಲೆಕ್ಕ ಬರೆಯುವ ಪುಸ್ತಕ. ಆದರೂ ಹಳೆಯದನ್ನು ಓದುವುದಕ್ಕಷ್ಟೇ ತೆರೆದಿಡಬಹುದಿತ್ತು. ಮೊದಲ ತಿಂಗಳು ಕೆಲವೇ ಸಾವಿರ ಆಡಿಟರ್‌ಗಳಿಗೆ ಕೀಲಿಕೈ ಕೊಟ್ಟಿದ್ದರೆ ತಪ್ಪು ಹುಡುಕಿಕೊಡುವ ಕೆಲಸವನ್ನು ಅವರು ಬಿಟ್ಟಿಯಾಗಿ ಮಾಡುತ್ತಿದ್ದರು. ತಪ್ಪು ಹುಡುಕುವುದೇ ಅವರ ಕಸುಬಲ್ಲವೇ?

ಬೇಸರವೆಂದರೆ ಹೊಸ ತಾಣದ ವಿನ್ಯಾಸ ಕೆಟ್ಟದ್ದೇನಲ್ಲ. ಬಾಕಿ ಕೆಲಸಗಳೆಲ್ಲ ಒಂದೇ ಪುಟದಲ್ಲಿ ಕಣ್ಣಿಗೆ ಬೀಳುತ್ತವೆ, ಹಳೆಯದರಲ್ಲಿ ಹುಡುಕಿ ಸುಸ್ತಾಗುತ್ತಿತ್ತು. ರಿಟರ್ನ್ ಸಲ್ಲಿಕೆಯ ಕೊನೆಯ ದಿನ ಮುಂದೆ ಹೋಗಿ ಡಿಸೆಂಬರ್ 31ಕ್ಕೆ ನಿಂತಾಗ, ಆ ಒಂದೇ ದಿನ ಅದು 46 ಲಕ್ಷಕ್ಕೂ ಹೆಚ್ಚು ರಿಟರ್ನ್‌ಗಳನ್ನು ತೆಗೆದುಕೊಂಡಿತು. ಆ ಹೊತ್ತಿಗೆ ಅದು ತೆರೆದು ಏಳನೇ ತಿಂಗಳು ನಡೆಯುತ್ತಿತ್ತು.